ವೈಫೈ ದೂರ ಮುಟ್ಟಿಸುವುದು ಹೇಗೆ: ಡಬ್ಬಿ ಆಂಟೆನಾ, ಕೇಬಲ್, ಆಂಪ್ಲಿಫೈಯರ್‌ಗಳ ಸಮಗ್ರ ಮಾರ್ಗದರ್ಶಿ

ವೈಫೈ ಸಿಗ್ನಲ್ ಸಾಲುತ್ತಿಲ್ಲ ಅಂದ ತಕ್ಷಣ ತುಂಬಾ ಜನ ಹುಡುಕುವುದು ಆಂಪ್ಲಿಫೈಯರ್, ಅಂದರೆ ಸಿಗ್ನಲ್‌ನ ಶಕ್ತಿ ಹೆಚ್ಚಿಸುವ ಸಾಧನ. ನಾನು ಹೇಳುವ ಕ್ರಮ ಅದಕ್ಕೆ ಪೂರ್ತಿ ಉಲ್ಟಾ. ಮೊದಲು ಅಳತೆ. ಆಮೇಲೆ ರೂಟರ್ ಇಡುವ ಜಾಗ. ಆಮೇಲೆ ತಂತಿ, ಅದಾದ ಮೇಲೆ ಆಂಟೆನಾ. ಆಂಪ್ಲಿಫೈಯರ್ ಸರದಿ ಕಟ್ಟಕಡೆಗೆ, ಅದೂ ಬೇಕೇ ಬೇಕಾದರೆ ಮಾತ್ರ.

ಯಾಕೆ ಅಂದರೆ ವೈಫೈ ಅನ್ನೋದು ಎರಡೂ ಕಡೆಯಿಂದ ನಡೆಯುವ ಮಾತುಕತೆ. ರೂಟರ್ ಒಂದು ಪ್ಯಾಕೆಟ್ (ಡೇಟಾದ ಚಿಕ್ಕ ತುಂಡು) ಕಳಿಸಿದರೆ ನಿಮ್ಮ ಫೋನ್ ‘ತಲುಪಿತು’ ಅಂತ ಉತ್ತರ ಕೊಡಬೇಕು. ಉತ್ತರ ಬರದಿದ್ದರೆ ರೂಟರ್ ಅದೇ ಪ್ಯಾಕೆಟ್ ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತದೆ. ನಾವು ಗಟ್ಟಿಯಾಗಿ ಕೂಗಿದ ಮಾತ್ರಕ್ಕೆ ಆಚೆಯವರ ಪಿಸುಮಾತು ನಮಗೆ ಕೇಳಿಸುವುದಿಲ್ಲ ಅಲ್ವಾ? ಇದೂ ಹಾಗೇ. ರೂಟರ್ ಕಡೆ ಮಾತ್ರ ಶಕ್ತಿ ಹೆಚ್ಚಿಸಿದರೆ ಫೋನಿನಲ್ಲಿ ಗೆರೆಗಳು ಪೂರ್ತಿ ಕಾಣುತ್ತವೆ, ಪುಟ ಮಾತ್ರ ತೆರೆಯುವುದಿಲ್ಲ. ಒಳ್ಳೆಯ ಆಂಟೆನಾ ಹಾಗಲ್ಲ. ಕಳಿಸುವಾಗ ಎಷ್ಟು ಸಹಾಯ ಮಾಡುತ್ತದೋ, ಕೇಳಿಸಿಕೊಳ್ಳುವಾಗಲೂ ಅಷ್ಟೇ ಸಹಾಯ ಮಾಡುತ್ತದೆ. ಈ ಒಂದು ವಿಷಯ ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಡಿಬಿ ಲೆಕ್ಕ

ಸಿಗ್ನಲ್ ಲೆಕ್ಕವೆಲ್ಲ ಡೆಸಿಬೆಲ್‌ನಲ್ಲಿ, ಅಂದರೆ ಡಿಬಿಯಲ್ಲಿ. 3 ಡಿಬಿ ಹೆಚ್ಚಾದರೆ ಶಕ್ತಿ ಎರಡು ಪಟ್ಟು. 10 ಡಿಬಿ ಹೆಚ್ಚಾದರೆ ಹತ್ತು ಪಟ್ಟು. ಕಡಿಮೆಯಾದಾಗಲೂ ಇದೇ ಲೆಕ್ಕ: 3 ಡಿಬಿ ಹೋದರೆ ಅರ್ಧ ಉಳಿಯಿತು, 10 ಡಿಬಿ ಹೋದರೆ ಹತ್ತನೇ ಒಂದು ಭಾಗ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ 6 ಡಿಬಿ ಹೋಗುತ್ತದೆ. ಹಾಗಾಗಿ ಈಗ ಮುಟ್ಟುವ ದೂರದ ಎರಡು ಪಟ್ಟು ಮುಟ್ಟಬೇಕಾದರೆ ಎಲ್ಲಿಂದಲಾದರೂ 6 ಡಿಬಿ ಸಂಪಾದಿಸಬೇಕು.

ಇದರಲ್ಲಿ ಚೆಂದ ಏನೆಂದರೆ ಗುಣಾಕಾರ ಭಾಗಾಕಾರ ಯಾವುದೂ ಬೇಡ. ಸುಮ್ನೆ ಕೂಡುತ್ತಾ ಕಳೆಯುತ್ತಾ ಹೋದರೆ ಸಾಕು. ಆಂಟೆನಾದಿಂದ ಬಂದಿದ್ದನ್ನು ಕೂಡಿಸಿ, ಕೇಬಲ್ ಮತ್ತು ಗೋಡೆಗಳಲ್ಲಿ ಹೋಗಿದ್ದನ್ನು ಕಳೆಯಿರಿ.

ಸಾಧನಕ್ಕೆ ತಲುಪಿದ ಸಿಗ್ನಲ್ ಎಷ್ಟು ಅನ್ನುವುದನ್ನು ಡಿಬಿಎಂನಲ್ಲಿ, ಅಂದರೆ ಒಂದು ಮಿಲಿವ್ಯಾಟ್‌ಗೆ ಹೋಲಿಸಿದ ಡಿಬಿಯಲ್ಲಿ ಹೇಳುತ್ತಾರೆ. ಅದು ಯಾವಾಗಲೂ ಮೈನಸ್ ಅಂಕಿ. −50 ಬಹಳ ಚೆನ್ನಾಗಿದೆ ಅಂತ ಅರ್ಥ. −65 ತನಕ ವಿಡಿಯೋ ಕರೆ ಸಲೀಸು. −75 ದಾಟಿದರೆ ತೊಡರಲು ಶುರು. −85ರ ನಂತರ ಸಂಪರ್ಕ ಇದ್ದೂ ಇಲ್ಲದ ಹಾಗೆ.

ಮೊದಲು ಅಳೆಯಿರಿ

ಫೋನಿನ ಮೇಲಿನ ನಾಲ್ಕು ಗೆರೆ ನಂಬಬೇಡಿ. ಒಂದೊಂದು ಕಂಪನಿ ಒಂದೊಂದು ಲೆಕ್ಕದಲ್ಲಿ ಅದನ್ನು ತೋರಿಸುತ್ತದೆ. ಆಂಡ್ರಾಯ್ಡ್ ಫೋನ್‌ಗಳಿಗೆ ವೈಫೈ ಅನಲೈಜರ್ ಬಗೆಯ ಆ್ಯಪ್‌ಗಳು ಸಿಗುತ್ತವೆ, ಅವು ನೇರವಾಗಿ ಡಿಬಿಎಂ ತೋರಿಸುತ್ತವೆ. ಮ್ಯಾಕ್ ಕಂಪ್ಯೂಟರ್‌ನಲ್ಲಿ ಆಪ್ಷನ್ ಕೀ ಒತ್ತಿ ಹಿಡಿದು ಮೇಲಿನ ವೈಫೈ ಚಿಹ್ನೆ ಕ್ಲಿಕ್ ಮಾಡಿದರೆ ಸಿಗ್ನಲ್ ಜೊತೆಗೆ ನಾಯ್ಸ್ (ಹಿನ್ನೆಲೆಯ ಗದ್ದಲ) ಎಷ್ಟಿದೆ ಅನ್ನುವುದೂ ಕಾಣುತ್ತದೆ. ಈ ಎರಡರ ನಡುವಿನ ಅಂತರವೇ ಮುಖ್ಯ. ಸಿಗ್ನಲ್ −70, ನಾಯ್ಸ್ −95 ಆಗಿದ್ದರೆ 25 ಡಿಬಿ ಅಂತರ ಸಿಕ್ಕಿತು, ಪರವಾಗಿಲ್ಲ. ಅದೇ −70 ಸಿಗ್ನಲ್‌ಗೆ ನಾಯ್ಸ್ −80 ಇದ್ದರೆ ವೇಗ ಬಿದ್ದೇ ಬೀಳುತ್ತದೆ.

ಒಂದು ಹಾಳೆ ತೆಗೆದುಕೊಂಡು ಸಿಗ್ನಲ್ ಬೇಕಾದ ಜಾಗಗಳ ಹೆಸರು ಬರೆಯಿರಿ. ಪ್ರತಿ ಜಾಗದಲ್ಲೂ ಒಂದು ನಿಮಿಷ ನಿಂತು ಅಂಕಿ ನೋಡಿ. ಅದು ಮೇಲೆ ಕೆಳಗೆ ಓಡಾಡುತ್ತಲೇ ಇರುತ್ತದೆ, ನಡುವಿನದನ್ನು ಬರೆದುಕೊಳ್ಳಿ. ಫೋನ್ ಹಿಡಿಯುವ ರೀತಿ ಬದಲಾದರೂ 5 ಡಿಬಿ ಆಚೀಚೆ ಆಗಬಹುದು, ಹಾಗಾಗಿ ಪ್ರತಿ ಸಲವೂ ಒಂದೇ ರೀತಿ ಹಿಡಿಯಿರಿ. ಮುಂದೆ ಏನೇ ಬದಲಾಯಿಸಿದರೂ ಇದೇ ಹಾಳೆಗೆ ಹೋಲಿಸಬೇಕು. ಈ ಹಾಳೆ ಇಲ್ಲದೆ ಆಂಟೆನಾ ಮಾಡಿದವರಿಗೆ ‘ಸ್ವಲ್ಪ ಜಾಸ್ತಿ ಆದ ಹಾಗಿದೆ’ ಅನ್ನುವುದಕ್ಕಿಂತ ಹೆಚ್ಚು ಏನೂ ಹೇಳಲು ಆಗುವುದಿಲ್ಲ.

ಖರ್ಚಿಲ್ಲದ ಕೆಲಸ: ಜಾಗ ಮತ್ತು ಚಾನೆಲ್

ರೂಟರ್ ಮೂಲೆಯಲ್ಲಿ, ಟಿವಿ ಹಿಂದೆ, ಕಬ್ಬಿಣದ ಬೀರುವಿನ ಪಕ್ಕ ಇದ್ದರೆ ಮೊದಲು ಅಲ್ಲಿಂದ ತೆಗೆಯಿರಿ. ಲೋಹ ಸಿಗ್ನಲ್ ಅನ್ನು ವಾಪಸ್ ತಳ್ಳುತ್ತದೆ, ನೀರು ಹೀರುತ್ತದೆ. ಕನ್ನಡಿಯ ಹಿಂದಿನ ಲೇಪವೂ ಲೋಹವೇ. ಇಟ್ಟಿಗೆ ಗೋಡೆಯೊಂದು ಐದಾರು ಡಿಬಿ ತಿನ್ನಬಹುದು. ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ 10ರಿಂದ 20 ಡಿಬಿ ತನಕ ತಿನ್ನುತ್ತದೆ. ಗೋಡೆಯನ್ನು ಓರೆಯಾಗಿ ದಾಟಿದರೆ ದಪ್ಪ ಇನ್ನೂ ಹೆಚ್ಚಾಗುತ್ತದೆ. ಹಾಗಾಗಿ ರೂಟರ್‌ನಿಂದ ಬೇಕಾದ ಜಾಗಕ್ಕೆ ಮನಸ್ಸಿನಲ್ಲೇ ಒಂದು ಗೆರೆ ಎಳೆದು, ಅದು ಎಷ್ಟು ಗೋಡೆ ದಾಟುತ್ತದೆ ಅಂತ ನೋಡಿ. ರೂಟರ್ ಅನ್ನು ಎರಡು ಮೀಟರ್ ಪಕ್ಕಕ್ಕೆ ಸರಿಸಿ ಆ ಗೆರೆಯನ್ನು ಬಾಗಿಲಿನ ಮೂಲಕ ಹಾಯಿಸಿದರೆ, ದುಡ್ಡು ಕೊಟ್ಟು ತಂದ ಆಂಟೆನಾಕ್ಕಿಂತ ಹೆಚ್ಚು ಲಾಭ ಸಿಗಬಹುದು.

ರೂಟರ್‌ನ ಕಡ್ಡಿ ಆಂಟೆನಾ ಸುತ್ತಲೂ ಪಕ್ಕಕ್ಕೆ ಸಿಗ್ನಲ್ ಹರಡುತ್ತದೆ. ಕಡ್ಡಿಯ ತುದಿ ತೋರಿಸುವ ದಿಕ್ಕಿಗೆ ಮಾತ್ರ ಬಹಳ ಕಡಿಮೆ. ಒಂದೇ ಮಹಡಿಗೆ ಬೇಕಾದರೆ ಕಡ್ಡಿ ನೆಟ್ಟಗೆ ನಿಲ್ಲಲಿ. ಮೇಲಿನ ಮಹಡಿಗೂ ಬೇಕಾದರೆ ಒಂದನ್ನು ಮಲಗಿಸಿ.

ಚಾನೆಲ್ ವಿಷಯ ಚಿಕ್ಕದು. ವೈಫೈ ಮುಖ್ಯವಾಗಿ 2.4 ಮತ್ತು 5 ಗಿಗಾಹರ್ಟ್ಜ್ ಅನ್ನುವ ಎರಡು ಪಟ್ಟಿಗಳಲ್ಲಿ ಸಾಗುತ್ತದೆ, ಪಟ್ಟಿಯ ಒಂದೊಂದು ಭಾಗವೇ ಚಾನೆಲ್. 2.4 ಗಿಗಾಹರ್ಟ್ಜ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11. ಅನಲೈಜರ್‌ನಲ್ಲಿ ಅಕ್ಕಪಕ್ಕದವರು ಎಲ್ಲಿದ್ದಾರೆ ನೋಡಿ, ಖಾಲಿ ಇರುವುದನ್ನು ಹಿಡಿಯಿರಿ. ಚಾನೆಲ್ ಅಗಲ 40ರ ಬದಲು 20 ಮೆಗಾಹರ್ಟ್ಜ್ ಇಡಿ. ಅಗಲ ಅರ್ಧವಾದರೆ ಒಳಗೆ ಬರುವ ನಾಯ್ಸ್ ಕೂಡ ಅರ್ಧ, ಅಂದರೆ 3 ಡಿಬಿ ಪುಕ್ಕಟೆ ಸಿಕ್ಕಿತು. ದೂರಕ್ಕೆ ಹೋಗಬೇಕಾದಾಗ 5 ಗಿಗಾಹರ್ಟ್ಜ್‌ಗಿಂತ 2.4 ಗೋಡೆಗಳನ್ನು ಚೆನ್ನಾಗಿ ದಾಟುತ್ತದೆ. ಮನೆಯಲ್ಲೇ ಆಂಟೆನಾ ಮಾಡುವವರಿಗೂ 2.4 ಒಳ್ಳೆಯದು. ಅಲ್ಲಿ ಅಲೆಯ ಉದ್ದ ಸುಮಾರು 12.3 ಸೆಂಟಿಮೀಟರ್, ಹಾಗಾಗಿ ಅರ್ಧ ಮಿಲಿಮೀಟರ್ ತಪ್ಪಿದರೂ ನಡೆಯುತ್ತದೆ. 5 ಗಿಗಾಹರ್ಟ್ಜ್‌ನಲ್ಲಿ ಅಲೆಯ ಉದ್ದ ಅದರ ಅರ್ಧಕ್ಕಿಂತ ಕಡಿಮೆ, ಅಲ್ಲಿ ಕೈಕೆಲಸದ ತಪ್ಪು ಬೇಗ ಎದ್ದು ಕಾಣುತ್ತದೆ.

ನೆಟ್‌ವರ್ಕ್ ಕೇಬಲ್ ಎಳೆಯಬಹುದಾ?

ಎಳೆಯಲು ಸಾಧ್ಯವಿದ್ದರೆ ಮುಂದಿನ ಅರ್ಧ ಲೇಖನ ನಿಮಗೆ ಬೇಕಾಗಲಿಕ್ಕಿಲ್ಲ. ಮಾಮೂಲಿ ಕ್ಯಾಟ್ 5ಇ ಈಥರ್ನೆಟ್ ಕೇಬಲ್ 100 ಮೀಟರ್ ತನಕ ಪೂರ್ತಿ ವೇಗದಲ್ಲಿ ಡೇಟಾ ಒಯ್ಯುತ್ತದೆ. ಅದರ ಆ ತುದಿಗೆ ಇನ್ನೊಂದು ಆ್ಯಕ್ಸೆಸ್ ಪಾಯಿಂಟ್ (ತಂತಿಯಲ್ಲಿ ಬಂದದ್ದನ್ನು ವೈಫೈ ಆಗಿ ಹರಡುವ ಸಾಧನ) ಇಟ್ಟರೆ ಆಯಿತು. ಹಳೆಯ ರೂಟರ್ ಇದ್ದರೆ ಅದರ ಡಿಎಚ್‌ಸಿಪಿ (ಸಾಧನಗಳಿಗೆ ಐಪಿ ವಿಳಾಸ ಹಂಚುವ ಸೆಟ್ಟಿಂಗ್) ಆಫ್ ಮಾಡಿ, ಐಪಿ ವಿಳಾಸವನ್ನು ಮೊದಲ ರೂಟರ್‌ನದ್ದಕ್ಕಿಂತ ಬೇರೆ ಮಾಡಿ, ಕೇಬಲ್ ಅನ್ನು ವ್ಯಾನ್ (ಇಂಟರ್ನೆಟ್ ಬರುವ) ಪೋರ್ಟ್‌ಗೆ ಹಾಕದೆ ಲ್ಯಾನ್ ಪೋರ್ಟ್‌ಗೆ ಹಾಕಿ. ಆ ಜಾಗದಲ್ಲಿ ಕರೆಂಟ್ ಇಲ್ಲದಿದ್ದರೆ ಪಿಒಇ ಇದೆ, ಅದೇ ಕೇಬಲ್‌ನಲ್ಲಿ ಕರೆಂಟ್ ಕೂಡ ಹೋಗುತ್ತದೆ.

ರಿಪೀಟರ್ ಅಂದರೆ ತಂತಿ ಇಲ್ಲದೆ ಅದೇ ಕೆಲಸ ಮಾಡುವ ಸಾಧನ. ಒಂದೇ ರೇಡಿಯೋ ಇರುವ ರಿಪೀಟರ್ ಪ್ರತಿ ಪ್ಯಾಕೆಟ್ ಅನ್ನೂ ಕೇಳಿ ಮತ್ತೆ ಹೇಳಬೇಕು, ಹಾಗಾಗಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಡುವುದಾದರೆ ಸಿಗ್ನಲ್ ಸತ್ತ ಜಾಗದಲ್ಲಿ ಇಡಬೇಡಿ. ಸಿಗ್ನಲ್ ಇನ್ನೂ −65 ಆಸುಪಾಸು ಇರುವ ಕಡೆ ಇಡಿ. ಕೆಟ್ಟ ಸಿಗ್ನಲ್ ಕೇಳಿಸಿಕೊಂಡ ರಿಪೀಟರ್ ಅದನ್ನು ಸರಿಮಾಡಿ ಕೊಡುವುದಿಲ್ಲ.

ಹತ್ತು ನಿಮಿಷದ ಆಂಟೆನಾ: ಫಾಯಿಲ್ ರಿಫ್ಲೆಕ್ಟರ್

ತಂತಿ ಎಳೆಯಲು ಆಗದವರು ಇಲ್ಲಿಂದ ಶುರು ಮಾಡಿ. ರೂಟರ್ ಬಿಚ್ಚುವ ಹಾಗಿಲ್ಲ, ಆಂಟೆನಾ ಕಳಚಲು ಬರುವುದಿಲ್ಲ ಅನ್ನುವವರಿಗೂ ಇದು ಸಾಧ್ಯ. ಕಡ್ಡಿ ಆಂಟೆನಾದ ಹಿಂದೆ ಬಾಗಿದ ಲೋಹದ ಹಾಳೆ ಇಟ್ಟರೆ, ಹಿಂದಕ್ಕೆ ಹೋಗಿ ಹಾಳಾಗುತ್ತಿದ್ದ ಸಿಗ್ನಲ್ ಮುಂದಕ್ಕೆ ತಿರುಗುತ್ತದೆ.

ದಪ್ಪ ರಟ್ಟಿನ ಮೇಲೆ ಪ್ಯಾರಾಬೋಲಾ ಬರೆಯಬೇಕು. ನಡುವಿನ ಬಿಂದುವಿನಿಂದ ಎರಡೂ ಪಕ್ಕಕ್ಕೆ 20 ಮಿ.ಮೀ. ಹೋದಾಗ ಗೆರೆ 2.5 ಮಿ.ಮೀ. ಮೇಲೇರಲಿ. 40ಕ್ಕೆ 10, 60ಕ್ಕೆ 22.5, 80ಕ್ಕೆ 40, 100ಕ್ಕೆ 62.5 ಮಿ.ಮೀ. ಈ ಬಿಂದುಗಳನ್ನು ಸೇರಿಸಿದರೆ ಬೇಕಾದ ಬಾಗು ಸಿಕ್ಕಿತು. ಇದೇ ಆಕಾರದ ಎರಡು ರಟ್ಟು ಕತ್ತರಿಸಿ. ನಡುವಿನಿಂದ ಮುಂದಕ್ಕೆ 40 ಮಿ.ಮೀ. ಇರುವ ಬಿಂದುವೇ ಫೋಕಸ್. ಅಲ್ಲಿ ಆಂಟೆನಾ ಕಡ್ಡಿ ತೂರುವಷ್ಟು ತೂತು ಮಾಡಿ. ತೂತಿಗೆ ಜಾಗ ಬೇಕಲ್ಲ, ಹಾಗಾಗಿ ರಟ್ಟನ್ನು ಬಾಗಿನ ಗೆರೆಯಿಂದ ಫೋಕಸ್ ದಾಟುವ ತನಕ ತುಂಬಿದ ತುಂಡಾಗಿಯೇ ಉಳಿಸಿಕೊಳ್ಳಿ. ಇನ್ನೊಂದು ತೆಳು ರಟ್ಟಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಅನ್ನು ಸುಕ್ಕಿಲ್ಲದೆ ಅಂಟಿಸಿ, ಈ ಎರಡು ತುಂಡುಗಳ ಬಾಗಿನ ಉದ್ದಕ್ಕೂ ಕೂರಿಸಿ. ಎತ್ತರ ಆಂಟೆನಾ ಕಡ್ಡಿಯಷ್ಟಿದ್ದರೆ ಸಾಕು.

ಕಡ್ಡಿಗೆ ತೂರಿಸಿ, ತೆರೆದ ಮುಖವನ್ನು ಬೇಕಾದ ದಿಕ್ಕಿಗೆ ತಿರುಗಿಸಿ. ಇನ್ನೊಬ್ಬರು ದೂರದಲ್ಲಿ ಅಂಕಿ ನೋಡುತ್ತಿರಲಿ, ನೀವು ರಿಫ್ಲೆಕ್ಟರ್ ಅನ್ನು ಮೆಲ್ಲಗೆ ಹಿಂದೆ ಮುಂದೆ ಸರಿಸಿ. ಚೆನ್ನಾಗಿ ಕೂತರೆ ನಾಲ್ಕೈದು ಡಿಬಿ ಕಣ್ಣಿಗೆ ಕಾಣುವಂತೆ ಏರುತ್ತದೆ. ಹಿಂಬದಿಗೆ ಸಿಗ್ನಲ್ ಇಳಿಯುತ್ತದೆ ಅನ್ನುವುದು ನೆನಪಿರಲಿ. ಯಾವ ಆಂಟೆನಾವೂ ಹೊಸ ಶಕ್ತಿ ಹುಟ್ಟಿಸುವುದಿಲ್ಲ, ಇರುವುದನ್ನೇ ಒಂದು ಕಡೆಗೆ ತಿರುಗಿಸುತ್ತದೆ.

ಡಬ್ಬಿ ಆಂಟೆನಾ

ಮನೆಯಲ್ಲಿ ಮಾಡುವ ಆಂಟೆನಾಗಳಲ್ಲಿ ನನಗೆ ತೀರಾ ಇಷ್ಟ ಇದೇ. ಒಂದು ತಗಡಿನ ಡಬ್ಬಿ, ಒಂದು ಕನೆಕ್ಟರ್, ಬೆರಳಿನ ಅರ್ಧ ಉದ್ದದ ತಾಮ್ರದ ತಂತಿ. ಇಷ್ಟರಲ್ಲೇ 7–8 ಡಿಬಿಐ ಗಳಿಕೆ ಸಿಗುತ್ತದೆ (ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಆಂಟೆನಾಕ್ಕಿಂತ ಎಷ್ಟು ಡಿಬಿ ಹೆಚ್ಚು ಅನ್ನುವುದೇ ಡಿಬಿಐ). ಸಾಮಾನ್ಯ ರೂಟರ್ ಕಡ್ಡಿಯದು 2ರಿಂದ 5 ಡಿಬಿಐ.

ಡಬ್ಬಿಯ ವ್ಯಾಸ ಇಲ್ಲಿ ಎಲ್ಲಕ್ಕಿಂತ ಮುಖ್ಯ. ದುಂಡನೆಯ ಲೋಹದ ಕೊಳವೆಯಲ್ಲಿ ಒಂದು ಮಿತಿಗಿಂತ ಕೆಳಗಿನ ಫ್ರೀಕ್ವೆನ್ಸಿ ಸಾಗುವುದೇ ಇಲ್ಲ. 175.8 ಅನ್ನು ಒಳವ್ಯಾಸದಿಂದ (ಮಿ.ಮೀ.ನಲ್ಲಿ) ಭಾಗಿಸಿದರೆ ಆ ಮಿತಿ ಗಿಗಾಹರ್ಟ್ಜ್‌ನಲ್ಲಿ ಸಿಗುತ್ತದೆ. ಅದು 2.4ಕ್ಕಿಂತ ಕೆಳಗಿರಬೇಕು, ಅಂದರೆ ಡಬ್ಬಿ 73 ಮಿ.ಮೀ.ಗಿಂತ ಅಗಲ ಇರಬೇಕು. ತೀರಾ ಅಗಲವಾದರೂ ತೊಂದರೆ. 92 ಮಿ.ಮೀ. ದಾಟಿದರೆ ಒಳಗೆ ಇನ್ನೊಂದು ಬಗೆಯ ಅಲೆಯೂ ಎದ್ದು, ಕಿರಣ ಚೆದುರಲು ಶುರುವಾಗುತ್ತದೆ. 83ರಿಂದ 90 ಮಿ.ಮೀ. ನಡುವಿನ ಡಬ್ಬಿ ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಚಿಪ್ಸ್ ಬರುವ ಉದ್ದನೆಯ ಕಾಗದದ ಕೊಳವೆಯಲ್ಲಿ ಮಾಡಿದ ಆಂಟೆನಾ ಬಹಳ ಹೆಸರು ಮಾಡಿದೆ. ಆದರೆ ಅದರ ವ್ಯಾಸ ಈ ಮಿತಿಯ ಅಂಚಿನಲ್ಲೇ ಇದೆ, ಒಳಗಿನ ಲೋಹದ ಪದರವೂ ತೆಳು. ಅದಕ್ಕಿಂತ ಸ್ವಲ್ಪ ಅಗಲದ ತಗಡಿನ ಡಬ್ಬಿ ಎಷ್ಟೋ ಮೇಲು.

ತೂತು ಮುಚ್ಚಿದ ತಳದಿಂದ ಎಷ್ಟು ದೂರ ಇರಬೇಕು ಅನ್ನುವುದು ವ್ಯಾಸದ ಮೇಲೆ ಹೋಗುತ್ತದೆ. ಡಬ್ಬಿಯೊಳಗೆ ಅಲೆ ಹಿಗ್ಗುತ್ತದೆ, ಕಿರಿದಾದ ಡಬ್ಬಿಯಲ್ಲಿ ಜಾಸ್ತಿ ಹಿಗ್ಗುತ್ತದೆ. ಲೆಕ್ಕ ಹಾಕಿ ಇಟ್ಟ ಅಳತೆಗಳು ಇವು:

ಒಳವ್ಯಾಸ 80 ಮಿ.ಮೀ.: ತಳದಿಂದ ತೂತು 71 ಮಿ.ಮೀ., ಡಬ್ಬಿಯ ಉದ್ದ 212 ಮಿ.ಮೀ.
ಒಳವ್ಯಾಸ 83 ಮಿ.ಮೀ.: ತೂತು 62, ಉದ್ದ 186
ಒಳವ್ಯಾಸ 86 ಮಿ.ಮೀ.: ತೂತು 56, ಉದ್ದ 169
ಒಳವ್ಯಾಸ 90 ಮಿ.ಮೀ.: ತೂತು 51, ಉದ್ದ 154

ಉದ್ದ ಇದಕ್ಕಿಂತ ಒಂದೆರಡು ಸೆಂಟಿಮೀಟರ್ ಆಚೀಚೆ ಆದರೆ ಚಿಂತೆಯಿಲ್ಲ. ತೂತಿನ ಜಾಗ ಮಾತ್ರ ಒಂದೆರಡು ಮಿಲಿಮೀಟರ್‌ಗಿಂತ ಹೆಚ್ಚು ತಪ್ಪಬಾರದು. ಅಳೆಯುವಾಗ ಒಳಗಿನಿಂದ ಅಳೆಯಿರಿ. ತುಂಬಾ ಡಬ್ಬಿಗಳ ತಳ ಅಂಚಿನಿಂದ ಮೂರ್ನಾಲ್ಕು ಮಿ.ಮೀ. ಒಳಗೆ ಕೂತಿರುತ್ತದೆ. ಹೊರಗಿನಿಂದ ಅಳೆದರೆ ಅಷ್ಟೂ ತಪ್ಪು ಸೇರಿಕೊಳ್ಳುತ್ತದೆ.

ಕನೆಕ್ಟರ್ ಎನ್-ಟೈಪ್ ಫೀಮೇಲ್ ಆಗಿರಲಿ, ಡಬ್ಬಿಗೆ ಸ್ಕ್ರೂ ಹಾಕಿ ಕೂರಿಸುವ ಬಗೆಯದ್ದು. ಅದರ ಹಿಂದೆ ಚಿಕ್ಕ ಟೊಳ್ಳು ಪಿನ್ ಇರುತ್ತದೆ. ಸುಮಾರು 2 ಮಿ.ಮೀ. ದಪ್ಪದ ಗಟ್ಟಿ ತಾಮ್ರದ ತಂತಿ ತೆಗೆದುಕೊಂಡು, ಮೇಲಿನ ಪ್ಲಾಸ್ಟಿಕ್ ಪೂರ್ತಿ ಸುಲಿಯಿರಿ. ಮೇಜಿನ ಮೇಲೆ ಉರುಳಿಸಿ ನೆಟ್ಟಗೆ ಮಾಡಿ. ಕನೆಕ್ಟರ್ ಅನ್ನು ಡಬ್ಬಿಗೆ ಕೂರಿಸುವ ಮೊದಲೇ ಬೆಸುಗೆ ಹಾಕಬೇಕು. ಕೂರಿಸಿದ ಮೇಲೆ ಹಾಕಲು ಹೋದರೆ ಸೋಲ್ಡರಿಂಗ್ ಐರನ್‌ನ ಬಿಸಿಯನ್ನೆಲ್ಲ ಡಬ್ಬಿಯೇ ಎಳೆದುಕೊಳ್ಳುತ್ತದೆ, ಕೈ ಕೂಡ ಒಳಗೆ ಹೋಗುವುದಿಲ್ಲ. ಪಿನ್ ಚೆನ್ನಾಗಿ ಬಿಸಿಯಾದ ಮೇಲೆ ಬೆಸುಗೆಯ ಸೀಸ ಕೊಡಿ. ಅದು ಟೊಳ್ಳಿನೊಳಗೆ ಹರಿದು ಹೊಳೆಯಬೇಕು. ಮಂಕಾಗಿ ಗಂಟುಕಟ್ಟಿದ್ದರೆ ಬೆಸುಗೆ ಹಿಡಿದಿಲ್ಲ, ಮತ್ತೆ ಬಿಸಿ ಮಾಡಿ.

ಕನೆಕ್ಟರ್ ಅನ್ನು ಡಬ್ಬಿಗೆ ಕೂರಿಸಿದಾಗ, ಒಳಗೋಡೆಯಿಂದ ತಂತಿಯ ತುದಿ ತನಕ ಒಟ್ಟು 31 ಮಿ.ಮೀ. ಬರಬೇಕು. ಪಿನ್ನಿನ ಉದ್ದವೂ ಇದರಲ್ಲೇ ಸೇರಿತು. ಮೊದಲು 33 ಬಿಟ್ಟು, ಆಮೇಲೆ ಫೈಲ್‌ನಿಂದ ಸವೆಸಿ. ಕತ್ತರಿಸಿದ್ದನ್ನು ಮತ್ತೆ ಸೇರಿಸಲು ಆಗುವುದಿಲ್ಲ ಅಲ್ವಾ.

ತೂತು ಕೊರೆಯುವಾಗ ಡಬ್ಬಿಯೊಳಗೆ ಒಂದು ಮರದ ತುಂಡು ತುರುಕಿ, ತಗಡು ನೆಗ್ಗುವುದಿಲ್ಲ. ಚಿಕ್ಕ ಡ್ರಿಲ್‌ನಿಂದ ಶುರುಮಾಡಿ ಮೆಲ್ಲಗೆ ದೊಡ್ಡದು ಮಾಡಿ. ಅಂಚಿನ ಮುಳ್ಳುಗಳನ್ನು ಉಜ್ಜಿ ತೆಗೆಯಿರಿ. ಕನೆಕ್ಟರ್ ಕೂರುವ ಕಡೆ ಬಣ್ಣ ಕೆರೆದು ಬರಿ ಲೋಹ ಕಾಣುವ ಹಾಗೆ ಮಾಡಿ, ಅಲ್ಲಿ ಲೋಹಕ್ಕೆ ಲೋಹ ಮುಟ್ಟಲೇಬೇಕು. ಕೆಲಸ ಮುಗಿದ ಮೇಲೆ ಮಲ್ಟಿಮೀಟರ್ ಹಿಡಿಯಿರಿ. ತಂತಿಗೂ ಡಬ್ಬಿಗೂ ನಡುವೆ ಸಂಪರ್ಕ ಇರಬಾರದು. ಕನೆಕ್ಟರ್‌ನ ಹೊರಮೈಗೂ ಡಬ್ಬಿಗೂ ನಡುವೆ ಇರಬೇಕು.

ಡಬ್ಬಿಯನ್ನು ಅಡ್ಡ ಮಲಗಿಸಿ, ತೆರೆದ ಬಾಯಿ ಎದುರು ಕಡೆಗೆ. ಎದುರಿನ ರೂಟರ್‌ನ ಕಡ್ಡಿ ನೆಟ್ಟಗಿದ್ದರೆ ಡಬ್ಬಿಯೊಳಗಿನ ತಂತಿಯೂ ನೆಟ್ಟಗಿರಬೇಕು. ಒಂದು ನಿಂತು ಇನ್ನೊಂದು ಮಲಗಿದರೆ ಹತ್ತಾರು ಡಿಬಿ ಸುಮ್ನೆ ಹೋಗುತ್ತದೆ. ಕನೆಕ್ಟರ್ ಕೆಳಗೆ ಬರುವ ಹಾಗಿಟ್ಟರೆ ಮಳೆನೀರು ಅದರೊಳಗೆ ನಿಲ್ಲುವುದಿಲ್ಲ. ಬಾಯಿಗೆ ಡಬ್ಬಿಯದ್ದೇ ಪ್ಲಾಸ್ಟಿಕ್ ಮುಚ್ಚಳ ಹಾಕಿ, ತೆಳು ಪ್ಲಾಸ್ಟಿಕ್ ಸಿಗ್ನಲ್‌ಗೆ ಅಡ್ಡಿಯಲ್ಲ. ಕಿರಣದ ಅಗಲ ಸುಮಾರು 60 ಡಿಗ್ರಿ ಇರುವುದರಿಂದ ಗುರಿ ಹಿಡಿಯಲು ಪರದಾಡಬೇಕಿಲ್ಲ.

ಒಂದು ತೊಡಕು ಹೇಳಲೇಬೇಕು. ಈಗಿನ ರೂಟರ್‌ಗಳಲ್ಲಿ ಎರಡು, ಮೂರು, ನಾಲ್ಕು ಆಂಟೆನಾ ಒಟ್ಟಿಗೆ ಕೆಲಸ ಮಾಡುತ್ತವೆ. ಅದರಲ್ಲಿ ಒಂದಕ್ಕೆ ಮಾತ್ರ ಡಬ್ಬಿ ಸಿಕ್ಕಿಸಿದರೆ ಉಳಿದವು ಹಳೆಯ ಹಾಗೇ ಇರುತ್ತವೆ, ಪೂರ್ತಿ ಲಾಭ ಸಿಗುವುದಿಲ್ಲ. ಒಂದೇ ಹೊರ ಆಂಟೆನಾ ಇರುವ ಯುಎಸ್‌ಬಿ ಅಡಾಪ್ಟರ್ (ಕಂಪ್ಯೂಟರ್‌ಗೆ ಸಿಕ್ಕಿಸುವ ವೈಫೈ ರೇಡಿಯೋ) ಡಬ್ಬಿಗೆ ಒಳ್ಳೆಯ ಜೋಡಿ.

ಕೇಬಲ್: ಗಳಿಸಿದ್ದನ್ನೆಲ್ಲ ತಿನ್ನುವ ಜಾಗ

ಆಂಟೆನಾ ಮೇಲೆ ಕಟ್ಟಿ, ಅಲ್ಲಿಂದ ಕೆಳಗಿನ ರೂಟರ್‌ಗೆ ಉದ್ದ ಕೇಬಲ್ ಬಿಡುವುದು ಎಲ್ಲರಿಗೂ ಹೊಳೆಯುವ ದಾರಿ. ಅಲ್ಲೇ ಹೆಚ್ಚಿನ ಕೆಲಸ ಕೆಡುವುದು. 2.4 ಗಿಗಾಹರ್ಟ್ಜ್‌ನಲ್ಲಿ ಕೋಆಕ್ಸಿಯಲ್ ಕೇಬಲ್ (ಆಂಟೆನಾಕ್ಕೆ ಬಳಸುವ ದುಂಡನೆಯ ಕೇಬಲ್) ಎಷ್ಟು ತಿನ್ನುತ್ತದೆ ನೋಡಿ. ಪೆನ್ಸಿಲ್‌ಗಿಂತ ತೆಳ್ಳಗಿನ ಆರ್‌ಜಿ 58 ಮೀಟರಿಗೆ ಸುಮಾರು 1 ಡಿಬಿ. ಇನ್ನೂ ತೆಳು ಆರ್‌ಜಿ 174 ಮೀಟರಿಗೆ 2 ಡಿಬಿಗಿಂತ ಹೆಚ್ಚು. ಎಲ್‌ಎಂಆರ್ 200 ಅರ್ಧ ಡಿಬಿಗಿಂತ ತುಸು ಜಾಸ್ತಿ. ಕಿರುಬೆರಳ ದಪ್ಪದ ಎಲ್‌ಎಂಆರ್ 400 ಮಾತ್ರ 0.22 ಡಿಬಿ.

ಈಗ ಲೆಕ್ಕ ಹಾಕೋಣ. ಎರಡು ಕಟ್ಟಡಗಳ ನಡುವೆ 200 ಮೀಟರ್ ಬಯಲು ಇದೆ ಅನ್ನಿ. ಆ ದೂರಕ್ಕೆ 2.4 ಗಿಗಾಹರ್ಟ್ಜ್‌ನಲ್ಲಿ ಗಾಳಿಯಲ್ಲೇ ಹೋಗುವುದು 86 ಡಿಬಿ. ಆ ಕಡೆಯ ರೂಟರ್ 17 ಡಿಬಿಎಂ ಕಳಿಸುತ್ತದೆ, ಅದರ ಕಡ್ಡಿ 2 ಡಿಬಿಐ. ಈ ಕಡೆ ನಿಮ್ಮ ಡಬ್ಬಿ 8 ಡಿಬಿಐ. ಕೇಬಲ್ ಎರಡು ಮೀಟರ್ ಆರ್‌ಜಿ 58, ಅಂದರೆ 2 ಡಿಬಿ ನಷ್ಟ. 17ಕ್ಕೆ 2 ಮತ್ತು 8 ಕೂಡಿಸಿ, 86 ಮತ್ತು 2 ಕಳೆದರೆ −61 ಡಿಬಿಎಂ. ಚೆನ್ನಾಗಿದೆ. ಅದೇ ಕೇಬಲ್ 10 ಮೀಟರ್ ಆದರೆ −69. ಡಬ್ಬಿ ಗಳಿಸಿದ 8 ಡಿಬಿಯನ್ನೂ ಮೀರಿ ಕೇಬಲ್ ತಿಂದು ಹಾಕಿತು. ಕೇಬಲ್ಲೂ ಡಬ್ಬಿಯೂ ಇಲ್ಲದೆ ಅಡಾಪ್ಟರ್‌ನ 2 ಡಿಬಿಐ ಕಡ್ಡಿಯನ್ನೇ ಅಲ್ಲಿಟ್ಟಿದ್ದರೆ −65 ಬರುತ್ತಿತ್ತು!

ಕನೆಕ್ಟರ್‌ಗಳಲ್ಲೂ ಒಂದೊಂದಕ್ಕೆ ಸ್ವಲ್ಪ ಸ್ವಲ್ಪ ಹೋಗುತ್ತದೆ. ಅಡಾಪ್ಟರ್ ಮೇಲೆ ಅಡಾಪ್ಟರ್ ಸಿಕ್ಕಿಸುವ ಬದಲು, ಎರಡು ತುದಿಗೂ ಸರಿಯಾದ ಕನೆಕ್ಟರ್ ಇರುವ ಒಂದೇ ತುಂಡು ಕೇಬಲ್ ಕೊಳ್ಳಿ. ಕೊಳ್ಳುವಾಗ ಎಚ್ಚರ: ರೂಟರ್‌ಗಳಲ್ಲಿ ಇರುವುದು ಸಾಮಾನ್ಯವಾಗಿ ಆರ್‌ಪಿ-ಎಸ್‌ಎಂಎ. ಎಸ್‌ಎಂಎ ಕೂಡ ನೋಡಲು ಹಾಗೇ ಇದೆ, ತಿರುಗಿಸಿದರೆ ಕೂರುತ್ತದೆ ಕೂಡ. ಆದರೆ ನಡುವೆ ಪಿನ್ನಿಗೆ ಪಿನ್ ಎದುರಾಗುತ್ತದೆ, ಇಲ್ಲವೇ ತೂತಿಗೆ ತೂತು. ನಡುವೆ ಇಣುಕಿ ನೋಡಿಯೇ ಕೊಳ್ಳಿ.

ಟಿವಿಗೆ ಬಳಸುವ ಆರ್‌ಜಿ 6 ಕೇಬಲ್ ಬಳಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಅದರ ಇಂಪಿಡೆನ್ಸ್ (ಅಲೆಗೆ ಒಡ್ಡುವ ತಡೆ) 75 ಓಮ್, ವೈಫೈ ಸಾಧನಗಳದ್ದು 50 ಓಮ್. ಈ ವ್ಯತ್ಯಾಸದಿಂದ ಒಂದು ಜೋಡಣೆಯಲ್ಲಿ ವಾಪಸ್ ಹೋಗುವುದು ಶೇಕಡಾ 4 ಮಾತ್ರ, 0.2 ಡಿಬಿಗಿಂತ ಕಡಿಮೆ. ಮೀಟರಿಗೆ ನಷ್ಟವೂ ಆರ್‌ಜಿ 58ಗಿಂತ ಕಡಿಮೆಯೇ. ಕಷ್ಟ ಇರುವುದು ಸರಿಯಾದ ಕನೆಕ್ಟರ್ ಹೊಂದಿಸುವುದರಲ್ಲಿ. ಕೈಯಲ್ಲಿ ಇದ್ದರೆ ಪ್ರಯೋಗಕ್ಕೆ ಬಳಸಿ, ಹೊಸದಾಗಿ ಕೊಳ್ಳಬೇಡಿ.

ಉದ್ದ ಬೇಕಾದಾಗ ರೇಡಿಯೋವನ್ನೇ ಆಂಟೆನಾ ಹತ್ತಿರ ಒಯ್ಯುವುದು ಸರಿಯಾದ ದಾರಿ. ಯುಎಸ್‌ಬಿ ವೈಫೈ ಅಡಾಪ್ಟರ್ ಅನ್ನು 5 ಮೀಟರ್ ಯುಎಸ್‌ಬಿ ಕೇಬಲ್ ತುದಿಗೆ ಸಿಕ್ಕಿಸಿ ಕಿಟಕಿಯ ಹೊರಗೆ ಇಟ್ಟರೆ, ಆ 5 ಮೀಟರ್‌ನಲ್ಲಿ ಒಂದು ಡಿಬಿಯೂ ಹೋಗುವುದಿಲ್ಲ. ಅಲ್ಲಿ ಸಾಗುವುದು ಡೇಟಾ, ರೇಡಿಯೋ ಅಲೆಯಲ್ಲ. ಅದಕ್ಕಿಂತ ಉದ್ದಕ್ಕೆ ಆ್ಯಕ್ಟಿವ್ ಎಕ್ಸ್‌ಟೆನ್ಷನ್ (ಡೇಟಾ ಸಂಕೇತಕ್ಕೆ ನಡುವೆ ಬಲ ಕೊಡುವ ಕೇಬಲ್) ಬೇಕು. ಅಡಾಪ್ಟರ್ ಅನ್ನು ಯುಎಸ್‌ಬಿ 2.0 ಪೋರ್ಟ್‌ಗೆ ಹಾಕಿ, ಯಾಕಂದರೆ ಯುಎಸ್‌ಬಿ 3.0 ಪೋರ್ಟ್ ಮತ್ತು ಕೇಬಲ್‌ಗಳು 2.4 ಗಿಗಾಹರ್ಟ್ಜ್‌ನಲ್ಲೇ ನಾಯ್ಸ್ ಎಬ್ಬಿಸುತ್ತವೆ.

ಬಳಸದೆ ಬಿದ್ದಿರುವ ಟಿವಿ ಡಿಶ್ ಇದ್ದರೆ ಇನ್ನೂ ದೂರ ಹೋಗಬಹುದು. 60 ಸೆಂ.ಮೀ. ಡಿಶ್‌ನಿಂದ 2.4 ಗಿಗಾಹರ್ಟ್ಜ್‌ನಲ್ಲಿ 20 ಡಿಬಿಐ ಹತ್ತಿರ ಸಿಗುತ್ತದೆ. ಎಲ್‌ಎನ್‌ಬಿ (ಡಿಶ್ ಮುಂದಿನ ತೋಳಿನ ತುದಿಯಲ್ಲಿರುವ ಸಾಧನ) ತೆಗೆದು ಆ ಜಾಗದಲ್ಲಿ ಡಬ್ಬಿಯನ್ನೋ ಯುಎಸ್‌ಬಿ ಅಡಾಪ್ಟರ್ ಅನ್ನೋ ಕಟ್ಟಿ, ಮುಖ ಡಿಶ್ ಕಡೆಗಿರಲಿ. ಆದರೆ ಕಿರಣ ಹದಿನಾಲ್ಕು ಡಿಗ್ರಿ ಆಸುಪಾಸಿಗೆ ಕಿರಿದಾಗುತ್ತದೆ, ಗುರಿ ಹಿಡಿಯಲು ತಾಳ್ಮೆ ಬೇಕು. ಇಂಥ ಡಿಶ್‌ಗಳು ನೋಡಲು ನೆಲದ ಕಡೆ ಮುಖ ಮಾಡಿದ ಹಾಗಿದ್ದಾಗಲೇ ನೇರ ಎದುರಿಗೆ ನೋಡುತ್ತಿರುತ್ತವೆ, ಕಣ್ಣಂದಾಜು ಮೋಸ ಮಾಡುತ್ತದೆ. ಅಂಕಿಯನ್ನೇ ನಂಬಿ.

ನಡುವಿನ ಜಾಗ, ಮಳೆ, ಸಿಡಿಲು

ಎದುರಿನ ಆಂಟೆನಾ ಕಣ್ಣಿಗೆ ಕಂಡರೆ ಸಾಲದು. ಸಿಗ್ನಲ್ ದಾರಕ್ಕಿಂತ ಬಹಳ ದಪ್ಪ ಜಾಗದಲ್ಲಿ ಸಾಗುತ್ತದೆ, ಅದನ್ನು ಫ್ರೆನೆಲ್ ವಲಯ ಅನ್ನುತ್ತಾರೆ. 300 ಮೀಟರ್ ದೂರಕ್ಕೆ ನಡುಮಧ್ಯದಲ್ಲಿ ಅದರ ತ್ರಿಜ್ಯ 3 ಮೀಟರ್, 1 ಕಿ.ಮೀ.ಗೆ ಐದೂವರೆ ಮೀಟರ್. ಅದರಲ್ಲಿ ಶೇಕಡಾ 60ರಷ್ಟಾದರೂ ಖಾಲಿ ಇರಬೇಕು. ಮರದ ಎಲೆ ನಡುವೆ ಬಂದರೆ, ಅದರಲ್ಲೂ ಮಳೆಯಲ್ಲಿ ನೆನೆದಾಗ, ಸಿಗ್ನಲ್ ಬಹಳ ಕುಗ್ಗುತ್ತದೆ. ಆಂಟೆನಾವನ್ನು ಎರಡು ಮೀಟರ್ ಎತ್ತರಿಸುವುದು ಯಾವ ಆಂಪ್ಲಿಫೈಯರ್‌ಗಿಂತಲೂ ಒಳ್ಳೆಯ ಪರಿಹಾರ. ದೂರ 1 ಕಿ.ಮೀ. ದಾಟಿದರೆ ಸೆಟ್ಟಿಂಗ್‌ನಲ್ಲಿ ‘ಡಿಸ್ಟೆನ್ಸ್’ ಅಂತ ಇದೆಯಾ ನೋಡಿ. ಉತ್ತರಕ್ಕಾಗಿ ರೇಡಿಯೋ ಎಷ್ಟು ಹೊತ್ತು ಕಾಯಬೇಕು ಅನ್ನುವುದು ಅದರಲ್ಲಿ ನಿರ್ಧಾರವಾಗುತ್ತದೆ.

ಹೊರಗಿನ ಕನೆಕ್ಟರ್‌ಗೆ ತನ್ನಷ್ಟಕ್ಕೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಅದರ ಮೇಲೆ ಮಾಮೂಲಿ ಟೇಪ್. ಕೇಬಲ್ ಒಳಗೆ ಒಮ್ಮೆ ನೀರು ಸೇರಿದರೆ ಒಣಗಿಸಿ ಪ್ರಯೋಜನವಿಲ್ಲ, ಬಿಸಾಡಬೇಕು. ಗೋಡೆಯೊಳಗೆ ಹೋಗುವ ಮೊದಲು ಕೇಬಲ್ ಕೆಳಗೆ ಜೋತುಬಿದ್ದು ಮತ್ತೆ ಮೇಲೇರಲಿ, ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಎತ್ತರದ ಕಂಬಕ್ಕೆ ಅರ್ಥಿಂಗ್, ಕೇಬಲ್‌ಗೆ ಸಿಡಿಲು ತಡೆಯುವ ಅರೆಸ್ಟರ್ ಬೇಕೇ ಬೇಕು. ಅರೆಸ್ಟರ್ ಇದ್ದರೂ ಗುಡುಗು ಶುರುವಾಗುವ ಮೊದಲೇ ಕೇಬಲ್ ಕಳಚುವುದು ಒಳ್ಳೆಯದು. ವಿದ್ಯುತ್ ತಂತಿಯ ಹತ್ತಿರ ಕಂಬ ಎತ್ತಬೇಡಿ. ಕಂಬ ಉರುಳಿದರೂ ತಂತಿಗೆ ತಾಗದಷ್ಟು ದೂರ ಇರಲಿ.

ಕೊನೆಗೆ ಆಂಪ್ಲಿಫೈಯರ್

ಇಷ್ಟೆಲ್ಲ ಆದ ಮೇಲೂ ಸಾಲದಿದ್ದರೆ ಆಂಪ್ಲಿಫೈಯರ್ ನೋಡಿ. ಕೊಳ್ಳುವುದಾದರೆ ಎರಡೂ ದಿಕ್ಕಿನದ್ದೇ ಬೇಕು, ಅಂದರೆ ಕಳಿಸುವಾಗ ಶಕ್ತಿ ಹೆಚ್ಚಿಸಿ, ಬರುವ ಸಿಗ್ನಲ್‌ಗೂ ಕಡಿಮೆ ನಾಯ್ಸ್‌ನ ವರ್ಧಕ ಇರುವಂಥದ್ದು. ಅದನ್ನು ಆಂಟೆನಾ ಬುಡದಲ್ಲೇ ಕೂರಿಸಿ. ಕೇಬಲ್ ಕೆಳತುದಿಯಲ್ಲಿ, ರೂಟರ್ ಪಕ್ಕದಲ್ಲಿ ಕೂರಿಸಿದರೆ, ಕೇಬಲ್‌ನಲ್ಲಿ ಆಗಲೇ ಕುಗ್ಗಿ ಬಂದ ಸಿಗ್ನಲ್ ಜೊತೆ ನಾಯ್ಸ್ ಕೂಡ ದೊಡ್ಡದಾಗುತ್ತದೆ. ಕಳೆದುಹೋದದ್ದು ವಾಪಸ್ ಬರುವುದಿಲ್ಲ.

ಒಳಗೆ ಎಷ್ಟು ಡಿಬಿಎಂ ಕೊಡಬಹುದು ಅನ್ನುವುದನ್ನು ಪೆಟ್ಟಿಗೆಯ ಮೇಲೆ ಓದಿ. ರೂಟರ್ ಅದಕ್ಕಿಂತ ಹೆಚ್ಚು ಕೊಟ್ಟರೆ ಆಂಪ್ಲಿಫೈಯರ್ ಅಲೆಯ ತುದಿಗಳನ್ನು ಚಪ್ಪಟೆ ಮಾಡುತ್ತದೆ. ವೇಗದ ವೈಫೈ ಸಂಕೇತದಲ್ಲಿ ಏರಿಳಿತ ಜಾಸ್ತಿ, ಹಾಗಾಗಿ ಈ ಚಪ್ಪಟೆಯನ್ನು ಅದು ಸಹಿಸುವುದಿಲ್ಲ. ಆಂಟೆನಾ ಜೋಡಿಸದೆ ಆಂಪ್ಲಿಫೈಯರ್ ಆನ್ ಮಾಡಬೇಡಿ. ಹೊರಹೋಗಬೇಕಾದ ಶಕ್ತಿ ವಾಪಸ್ ಬಂದು ಅದನ್ನೇ ಸುಡಬಹುದು.

ಕಾನೂನಿನ ಮಿತಿಯೂ ಇದೆ, ಅದನ್ನು ಗೌರವಿಸಲೇಬೇಕು. ಲೆಕ್ಕಕ್ಕೆ ಬರುವುದು ರೇಡಿಯೋ ಶಕ್ತಿ ಮಾತ್ರ ಅಲ್ಲ, ಆಂಟೆನಾ ಗಳಿಕೆ ಸೇರಿಸಿದ ಒಟ್ಟು ಶಕ್ತಿ. 2.4 ಗಿಗಾಹರ್ಟ್ಜ್‌ನಲ್ಲಿ ಯುರೋಪಿನಲ್ಲಿ ಅದು 100 ಮಿಲಿವ್ಯಾಟ್, ಅಂದರೆ 20 ಡಿಬಿಎಂ. ಅಲ್ಲಿ ಡಬ್ಬಿ ಆಂಟೆನಾ ಹಾಕಿದರೆ, ಒಟ್ಟು ಶಕ್ತಿ ಮಿತಿಯೊಳಗೆ ಬರುವಷ್ಟು ರೂಟರ್‌ನ ಶಕ್ತಿಯನ್ನು ಇಳಿಸಬೇಕು. ಹಾಗೆ ಇಳಿಸಿದರೂ ಕೇಳಿಸಿಕೊಳ್ಳುವಾಗಿನ ಲಾಭ ಎಲ್ಲಿಗೂ ಹೋಗುವುದಿಲ್ಲ. ಭಾರತ, ಅಮೆರಿಕಗಳಲ್ಲಿ ಮಿತಿ ಸಾಮಾನ್ಯವಾಗಿ 4 ವ್ಯಾಟ್, ಅಂದರೆ 36 ಡಿಬಿಎಂ. ನೀವಿರುವ ಕಡೆಯ ನಿಯಮ ನೋಡಿಕೊಂಡೇ ಜೋಡಿಸಿ. ಮಿತಿ ಮೀರಿದ ರೇಡಿಯೋ ಸುತ್ತಮುತ್ತಲಿನ ಎಲ್ಲರ ವೈಫೈ ಕೆಡಿಸುತ್ತದೆ.

ಆಂಪ್ಲಿಫೈಯರ್ ಹಾಕಿದ ಮೇಲೆ ಮೊದಲಿನ ಹಾಳೆ ತೆಗೆದು ಮತ್ತೆ ಅಳೆಯಿರಿ. ಡಿಬಿಎಂ ಏರಿ ವೇಗ ಇಳಿದಿದ್ದರೆ ಚಪ್ಪಟೆಯಾಗುತ್ತಿದೆ ಅಂತಲೇ ಅನುಮಾನಿಸಿ. ರೂಟರ್‌ನ ಸೆಟ್ಟಿಂಗ್‌ನಲ್ಲಿ ಶಕ್ತಿಯನ್ನು 3 ಡಿಬಿ ಇಳಿಸಿ ನೋಡಿ, ಬೇಕಾದರೆ ಇನ್ನೂ 3. ವೇಗ ಏರುತ್ತಾ ಹೋದರೆ, ಅದು ನಿಂತ ಕಡೆಯೇ ನಿಮ್ಮ ಸೆಟ್ಟಿಂಗ್. ಡೌನ್‌ಲೋಡ್ ಚೆನ್ನಾಗಿದ್ದು ಅಪ್‌ಲೋಡ್ ಮಾತ್ರ ಸತ್ತಿದ್ದರೆ ಆ ಕಡೆಯ ಸಾಧನದ ದನಿ ಇಲ್ಲಿಗೆ ಮುಟ್ಟುತ್ತಿಲ್ಲ. ಆಗ ಈ ಕಡೆ ಇನ್ನಷ್ಟು ಶಕ್ತಿ ಸುರಿಯಬೇಡಿ. ಆ ಕಡೆಗೂ ಒಂದು ಡಬ್ಬಿ ಆಂಟೆನಾ ಮಾಡಿಕೊಡಿ.